ಪೆಸಿಫಿಕ್ ದ್ವೀಪಗಳ ನೋಟು ಸಂಗ್ರಹ: ಯಾವ ದಾರಿ ಹಿಡಿಯೋದು?

ಕುಕ್ ದ್ವೀಪಗಳ 3 ಡಾಲರ್ ನೋಟಿನಲ್ಲಿ ಒಬ್ಬ ಹುಡುಗಿ ಶಾರ್ಕ್ ಮೀನಿನ ಬೆನ್ನೇರಿ ಸಮುದ್ರ ದಾಟುತ್ತಿದ್ದಾಳೆ. ಜೊತೆಗೆ ಒಂದು ತೆಂಗಿನಕಾಯಿ. ಮೂರು ಡಾಲರ್ ಅನ್ನುವ ಬೆಲೆಯೇ ವಿಚಿತ್ರ, ಚಿತ್ರ ಇನ್ನೂ ವಿಚಿತ್ರ. ನೋಟು ಕೂಡಿಸುವ ಹವ್ಯಾಸ ಇರುವ ಎಷ್ಟೋ ಜನ ಪೆಸಿಫಿಕ್ ಕಡೆ ತಿರುಗಿದ್ದು ಈ ಒಂದು ನೋಟಿನಿಂದ. ನಾನೂ ಅವರಲ್ಲಿ ಒಬ್ಬ.

ಅದಾದ ಮೇಲೆ ಬರುವ ಪ್ರಶ್ನೆ ಮುಂದಿನ ನೋಟು ಯಾವುದು ಅನ್ನೋದು. ಹೆಚ್ಚಿನವರು ದ್ವೀಪಕ್ಕೊಂದರಂತೆ ತಗೊಳ್ಳುತ್ತಾ ಹೋಗುತ್ತಾರೆ. ಫಿಜಿಯದು ಒಂದು, ಟೊಂಗಾದ್ದು ಒಂದು, ಸಮೋವಾದ್ದು ಒಂದು. ಎರಡು ವರ್ಷದಲ್ಲಿ ಆಲ್ಬಂ ತುಂಬುತ್ತದೆ. ಆದರೆ ಈ ಪುಟದ ನೋಟಿಗೂ ಆ ಪುಟದ ನೋಟಿಗೂ ಸಂಬಂಧ ಇರುವುದಿಲ್ಲ. ನಾನು ಶುರು ಮಾಡಿದ್ದೂ ಹೀಗೆಯೇ. ಆಮೇಲೆ ಅರ್ಧದಷ್ಟನ್ನು ಬೇರೆಯವರಿಗೆ ಕೊಟ್ಟು ಮತ್ತೆ ಮೊದಲಿಂದ ಕಟ್ಟಿದೆ.

ಹಾಗಾಗಿ ಹೊಸಬರು ಕೇಳಿದರೆ ನಾನು ಹೇಳುವುದು ಒಂದೇ ಮಾತು. ಒಂದು ದಾರಿ ಹಿಡಿಯಿರಿ, ಹಿಡಿಯುವ ಮುಂಚೆ ಅದರ ಕೊನೆ ಎಲ್ಲಿದೆ ಅಂತ ನೋಡಿಕೊಳ್ಳಿ. ಕೆಲವು ಸಂಗ್ರಹ ನಾಲ್ಕು ನೋಟಿಗೆ ಮುಗಿಯುತ್ತವೆ. ಕೆಲವು ಇಪ್ಪತ್ತು ವರ್ಷ ಹುಡುಕಿದರೂ ಮುಗಿಯುವುದಿಲ್ಲ. ದುಡ್ಡಿಗಿಂತ ಮೊದಲು ಈ ಲೆಕ್ಕ ಗೊತ್ತಿರಬೇಕು.

ನೋಟೇ ಇಲ್ಲದ ದ್ವೀಪಗಳು

ಎಲ್ಲ ದ್ವೀಪಕ್ಕೂ ಅದರದ್ದೇ ನೋಟು ಇಲ್ಲ. ಗುವಾಮ್, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ, ಪಲಾವ್, ಮಾರ್ಷಲ್ ದ್ವೀಪಗಳು, ಮೈಕ್ರೊನೇಷಿಯಾ, ಇಲ್ಲೆಲ್ಲ ನಡೆಯುವುದು ಅಮೆರಿಕದ ಡಾಲರ್. ಕಿರಿಬಾಸ್, ಟುವಾಲು, ನೌರುಗಳಲ್ಲಿ ಆಸ್ಟ್ರೇಲಿಯಾದ ಡಾಲರ್. ಕಿರಿಬಾಸ್ ಮತ್ತು ಟುವಾಲು ತಮ್ಮದೇ ನಾಣ್ಯ ಹೊರಡಿಸಿವೆ, ಆದರೆ ಈಗ ಅಲ್ಲಿ ಕೈಬದಲಾಗುವ ನೋಟು ಆಸ್ಟ್ರೇಲಿಯಾದ್ದೇ. ನಿಯೂ, ಟೊಕೆಲಾವ್, ಪಿಟ್‌ಕೈರ್ನ್‌ಗಳಲ್ಲಿ ನ್ಯೂಜಿಲೆಂಡ್ ಡಾಲರ್.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಆನ್‌ಲೈನ್‌ನಲ್ಲಿ 'ಪಿಟ್‌ಕೈರ್ನ್ ದ್ವೀಪದ ನೋಟು' ಅಂತ ಫಳಫಳ ಹೊಳೆಯುವ ಪ್ಲಾಸ್ಟಿಕ್ ನೋಟುಗಳು ಕಾಣಿಸುತ್ತವೆ. ಈಸ್ಟರ್ ದ್ವೀಪದ 'ರೊಂಗೊ' ಅಂತ ಇನ್ನೊಂದು ಸೆಟ್ ಇದೆ. ಈಸ್ಟರ್ ದ್ವೀಪ ಚಿಲಿ ದೇಶಕ್ಕೆ ಸೇರಿದ್ದು, ಅಲ್ಲಿ ನಡೆಯುವುದು ಚಿಲಿಯ ಪೆಸೊ. ಇವೆಲ್ಲ ಖಾಸಗಿಯವರು ಮಾರಾಟಕ್ಕೆಂದೇ ಅಚ್ಚು ಹಾಕಿಸಿದ ಕಾಲ್ಪನಿಕ ನೋಟುಗಳು. ಯಾವ ಅಂಗಡಿಯಲ್ಲೂ ಇವನ್ನು ಕೊಟ್ಟು ಒಂದು ಎಳನೀರು ಕೊಳ್ಳಲು ಆಗುವುದಿಲ್ಲ. ಗೊತ್ತಿದ್ದು ಕೊಂಡರೆ ತಪ್ಪೇನೂ ಇಲ್ಲ, ಚಿತ್ರ ಚೆನ್ನಾಗಿಯೇ ಇರುತ್ತದೆ. ನನ್ನ ಮೊದಲ ವರ್ಷದಲ್ಲಿ ಒಬ್ಬ ವ್ಯಾಪಾರಿ ಇಂಥದೊಂದನ್ನು ನಿಜವಾದ ನೋಟು ಅಂತಲೇ ಹೇಳಿ ಕೊಟ್ಟರು. ಒಂದು ದ್ವೀಪದಲ್ಲಿ ಯಾವ ಹಣ ನಡೆಯುತ್ತದೆ ಅಂತ ಎರಡು ನಿಮಿಷ ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಕುಕ್ ದ್ವೀಪಗಳು: ಒಂಬತ್ತು ನೋಟಿನ ಸಂಗ್ರಹ

ಕುಕ್ ದ್ವೀಪಗಳಲ್ಲೂ ದಿನದ ವ್ಯವಹಾರ ನ್ಯೂಜಿಲೆಂಡ್ ಡಾಲರ್‌ನಲ್ಲೇ. ಆದರೆ 1987ರಲ್ಲಿ ಅಲ್ಲಿನ ಸರ್ಕಾರ ತನ್ನದೇ ನೋಟು ತಂದಿತು. 3, 10 ಮತ್ತು 20 ಡಾಲರ್. 1992ರಲ್ಲಿ ಅಲ್ಲಿನ ಮುಖ್ಯ ದ್ವೀಪ ರಾರೊಟೊಂಗಾದಲ್ಲಿ ಪೆಸಿಫಿಕ್ ಕಲೆಗಳ ಆರನೇ ಹಬ್ಬ ನಡೆದಾಗ ಅದೇ 3 ಡಾಲರ್ ನೋಟಿನ ಮೇಲೆ ಹಬ್ಬದ ಹೆಸರು ಒತ್ತಿ ಹೊರಡಿಸಿದರು. ಅದೇ ವರ್ಷ 3, 10, 20, 50ರ ಹೊಸ ಸರಣಿ ಬಂತು. 1995ರಲ್ಲಿ ಆರ್ಥಿಕ ಬಿಕ್ಕಟ್ಟಿನ ಹೊತ್ತಿಗೆ ದೊಡ್ಡ ನೋಟುಗಳನ್ನು ಹಿಂದಕ್ಕೆ ಪಡೆದರು. 3 ಡಾಲರ್ ನೋಟು ಮತ್ತು ನಾಣ್ಯಗಳು ಮಾತ್ರ ಉಳಿದವು. 2021ರಲ್ಲಿ 3 ಡಾಲರ್ ಮತ್ತೆ ಬಂತು, ಈ ಸಲ ಪಾಲಿಮರ್‌ನಲ್ಲಿ, ಅಂದರೆ ಒಂದು ಬಗೆಯ ಪ್ಲಾಸ್ಟಿಕ್‌ನಲ್ಲಿ.

ಎಣಿಸಿ ನೋಡಿ. ಮೂರು, ಒಂದು, ನಾಲ್ಕು, ಒಂದು. ಒಟ್ಟು ಒಂಬತ್ತು. ಆಧುನಿಕ ಕುಕ್ ದ್ವೀಪಗಳ ಮುಖ್ಯ ನೋಟುಗಳು ಇಷ್ಟೇ. ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸ. 3 ಡಾಲರ್ ನೋಟುಗಳು ಸುಲಭವಾಗಿ ಸಿಗುತ್ತವೆ, ಗರಿಗರಿಯಾಗಿಯೇ ಸಿಗುತ್ತವೆ. ಬೆಲೆ ಏರುವುದು 20 ಮತ್ತು 50ಕ್ಕೆ ಬಂದಾಗ. ಆದ್ದರಿಂದ ಮೊದಲು 50ರ ಬೆಲೆ ವಿಚಾರಿಸಿ, ಅದು ಕೈಗೆಟುಕುತ್ತದೆ ಅನ್ನಿಸಿದರೆ ಮಾತ್ರ ಪೂರ್ತಿ ಸೆಟ್ಟಿಗೆ ಕೈಹಾಕಿ. ಇಲ್ಲದಿದ್ದರೆ 3 ಡಾಲರ್‌ಗಳ ನಾಲ್ಕು ರೂಪ ಸಾಕು. ಅದೂ ಒಂದು ಪೂರ್ಣ ಸಂಗ್ರಹವೇ.

ಆ ಹುಡುಗಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವಳ ಹೆಸರು ಇನಾ. ಮೀನುಗಳ ಒಡೆಯನಾದ ತಿನಿರಾವ್‌ನನ್ನು ಸೇರಲು ಹೊರಟವಳು. ಚಿಕ್ಕ ಮೀನುಗಳ ಕೈಲಿ ಆಗದೆ ಕೊನೆಗೆ ಶಾರ್ಕ್ ಅವಳನ್ನು ಹೊತ್ತುಕೊಂಡಿತು. ದಾರಿಯಲ್ಲಿ ಬಾಯಾರಿತು. ಕಾಯಿ ಒಡೆಯಲು ಕಲ್ಲು ಎಲ್ಲಿಂದ ಬರಬೇಕು? ಶಾರ್ಕಿನ ತಲೆಗೇ ಕುಟ್ಟಿ ಒಡೆದಳು. ತೆಂಗಿನ ಸೀಮೆಯಿಂದ ಬಂದ ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ, ಅಲ್ವಾ?

ಯುದ್ಧದ ಎಂಟು ನೋಟು

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಇದರಲ್ಲಿ ಎರಡು ಚಿಕ್ಕ ಗುಂಪುಗಳಿವೆ. ಎರಡನ್ನೂ ಬೇರೆಬೇರೆ ಮಾರುತ್ತಾರೆ. ಒಟ್ಟಿಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ.

ಮೊದಲ ಗುಂಪು ಹವಾಯಿಯದು, ಎರಡನೇ ಮಹಾಯುದ್ಧದ ಕಾಲದ್ದು. ಆಗ ಹವಾಯಿ ಅಮೆರಿಕದ ರಾಜ್ಯವಾಗಿರಲಿಲ್ಲ, ಒಂದು ಪ್ರಾಂತ್ಯ ಮಾತ್ರ. ರಾಜ್ಯವಾದದ್ದು 1959ರಲ್ಲಿ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು. ಜಪಾನಿನವರು ದ್ವೀಪವನ್ನೇ ಹಿಡಿದರೆ ಅಲ್ಲಿನ ಬ್ಯಾಂಕುಗಳಲ್ಲಿರುವ ಡಾಲರ್ ಎಲ್ಲ ಅವರ ಪಾಲಾಗುತ್ತದೆ ಅನ್ನುವ ಭಯ ಹುಟ್ಟಿತು. ಜನವರಿಯಲ್ಲಿ ಜನರ ಕೈಲಿದ್ದ ನೋಟು ವಾಪಸ್ ಕೇಳಿದರು. ಒಬ್ಬರ ಹತ್ತಿರ 200 ಡಾಲರ್‌ಗಿಂತ ಜಾಸ್ತಿ ಇರುವ ಹಾಗಿಲ್ಲ, ವ್ಯಾಪಾರಿಗಳಿಗೆ 500. ಹಾಗೆ ಬಂದ ಸುಮಾರು 20 ಕೋಟಿ ಡಾಲರ್ ನೋಟುಗಳನ್ನು ಸುಟ್ಟರು. ಒಂದಿಷ್ಟನ್ನು ಶವ ಸುಡುವ ಕುಲುಮೆಯಲ್ಲಿ, ಅದು ಸಾಲದೆ ಉಳಿದದ್ದನ್ನು ಸಕ್ಕರೆ ಕಾರ್ಖಾನೆಯ ಕುಲುಮೆಯಲ್ಲಿ.

ಬದಲಿಗೆ 1942ರಲ್ಲಿ ಬಂದದ್ದು ಈ ನೋಟು. ಅದೇ ಅಮೆರಿಕದ ಡಾಲರ್, ಆದರೆ ಹಿಂಬದಿ ತುಂಬ ದೊಡ್ಡ ಅಕ್ಷರದಲ್ಲಿ 'ಹವಾಯಿ' ಅಂತ ಮುದ್ರೆ. ಮುಂಬದಿಯ ಎಡ ಬಲ ಅಂಚಿನಲ್ಲಿ ಅದೇ ಪದ ಚಿಕ್ಕದಾಗಿ, ಉದ್ದುದ್ದಕ್ಕೆ. ಶತ್ರುವಿನ ಕೈಗೆ ಸಿಕ್ಕರೆ ಈ ಮುದ್ರೆಯ ನೋಟುಗಳಿಗೆ ಬೆಲೆ ಇಲ್ಲ ಅಂತ ಸಾರಿಬಿಡಬಹುದು. ಇರುವುದು 1, 5, 10, 20 ಡಾಲರ್, ನಾಲ್ಕೇ ಬೆಲೆಗಳು.

ಎರಡನೇ ಗುಂಪು ಜಪಾನಿನದು. ಪೆಸಿಫಿಕ್ ದ್ವೀಪಗಳಿಗಾಗಿ ಅವರು ಮಾಡಿಸಿದ ದಂಡಿನ ಹಣ, ಅಂದರೆ ಸೈನ್ಯ ಹಿಡಿದ ನಾಡಿನಲ್ಲಿ ನಡೆಸಲು ಅಚ್ಚು ಹಾಕಿಸಿದ ನೋಟು. ಮೇಲೆ ಇಂಗ್ಲಿಷಿನಲ್ಲಿ 'ದಿ ಜಪಾನೀಸ್ ಗವರ್ನ್‌ಮೆಂಟ್' ಅಂತ ಇರುತ್ತದೆ. ಅರ್ಧ ಶಿಲ್ಲಿಂಗ್, 1 ಶಿಲ್ಲಿಂಗ್, 10 ಶಿಲ್ಲಿಂಗ್, 1 ಪೌಂಡ್. ಇಲ್ಲೂ ನಾಲ್ಕೇ. ನ್ಯೂಗಿನಿ, ಸಾಲೊಮನ್, ಗಿಲ್ಬರ್ಟ್ ದ್ವೀಪಗಳ ಕಡೆಗೆಂದು ತಂದ ನೋಟು ಇದು.

ಈ ಎಂಟನ್ನು ಒಂದು ಪುಟದಲ್ಲಿ ಎದುರುಬದುರು ಇಟ್ಟು ನೋಡಿ. ಶತ್ರು ಬಂದುಬಿಟ್ಟರೆ ಅನ್ನುವ ಭಯದಲ್ಲಿ ಅಚ್ಚಾದವು ಒಂದು ಕಡೆ. ನಾವು ಬಂದೇ ಬರುತ್ತೇವೆ ಅನ್ನುವ ಧೈರ್ಯದಲ್ಲಿ ಅಚ್ಚಾದವು ಇನ್ನೊಂದು ಕಡೆ. ಎರಡೂ 1942ರ ಮಾತು, ಎರಡೂ ಒಂದೇ ಸಮುದ್ರದ್ದು. ನನ್ನ ಇಡೀ ಸಂಗ್ರಹದಲ್ಲಿ ಮನೆಗೆ ಬಂದವರು ಹೆಚ್ಚು ಹೊತ್ತು ನಿಂತು ನೋಡುವ ಪುಟ ಇದು.

ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ. ಜಪಾನಿನ ಅರ್ಧ ಶಿಲ್ಲಿಂಗ್ ಶಾಲೆಯ ಮಕ್ಕಳೂ ಕೊಳ್ಳುವಷ್ಟು ಅಗ್ಗ. ಹವಾಯಿಯ 1 ಡಾಲರ್ ಪರವಾಗಿಲ್ಲ. 5, 10, 20ಕ್ಕೆ ಹೋದಂತೆ ಜೇಬು ಬಿಗಿಯಾಗುತ್ತದೆ. ಹಾಗಾಗಿ ಹವಾಯಿಯದನ್ನು ಸ್ವಲ್ಪ ಮಡಿಕೆ ಬಿದ್ದ, ಕೈಯಾಡಿದ ನೋಟಾಗಿಯೇ ತಗೊಳ್ಳಿ. ಯುದ್ಧದ ಕಾಲದಲ್ಲಿ ಜನರ ಜೇಬಿನಲ್ಲಿ ಓಡಾಡಿದ ನೋಟಿಗೆ ಮಡಿಕೆ ಕಳಂಕ ಅಲ್ಲ.

ಮೋಸದ ವಿಷಯದಲ್ಲಿ ಇಲ್ಲಿ ಎಚ್ಚರ ಬೇಕು. ಸಾಮಾನ್ಯ ಹಳೇ ಡಾಲರ್ ಮೇಲೆ 'ಹವಾಯಿ' ಅಂತ ಒತ್ತಿ ಮಾರುವವರು ಇದ್ದಾರೆ. ಮೊದಲು ನೋಡಬೇಕಾದ್ದು ಮುಂಬದಿಯ ಖಜಾನೆ ಮುದ್ರೆಯ ಬಣ್ಣ. ನಿಜವಾದ ಹವಾಯಿ ನೋಟಿನಲ್ಲಿ ಮುದ್ರೆಯೂ ಸೀರಿಯಲ್ ನಂಬರೂ ಕಂದು. 1 ಡಾಲರ್‌ನಲ್ಲಿ ನೀಲಿ ಮುದ್ರೆ, ಉಳಿದವುಗಳಲ್ಲಿ ಹಸಿರು ಮುದ್ರೆ ಕಂಡರೆ ಅದು ಮಾಮೂಲಿ ನೋಟು, ಮೇಲಿನ ಅಕ್ಷರ ಆಮೇಲೆ ಒತ್ತಿದ್ದು. ಜೊತೆಗೆ 5, 10, 20ರ ನೋಟುಗಳೆಲ್ಲ ಸ್ಯಾನ್ ಫ್ರಾನ್ಸಿಸ್ಕೊ ಬ್ಯಾಂಕಿನವು. ಅವುಗಳ ಮೇಲೆ ಆ ಬ್ಯಾಂಕಿನ ಗುರುತಾದ 'ಎಲ್' ಅಕ್ಷರ ಇರಲೇಬೇಕು.

ಜಪಾನಿನ ನೋಟಿನಲ್ಲಿ ಪರೀಕ್ಷೆ ಇನ್ನೂ ಸುಲಭ. ಅದರ ಮೇಲೆ ಎರಡು ಕೆಂಪು ಅಕ್ಷರ ಇರುತ್ತವೆ. ಮೊದಲ ಅಕ್ಷರ ಯಾವ ಸೀಮೆಗೆ ಅಂತ ಹೇಳುತ್ತದೆ. 'ಓ' ಇದ್ದರೆ ಓಷಿಯಾನಿಯಾ. 'ಬಿ' ಅಂದರೆ ಬರ್ಮಾ, 'ಎಂ' ಅಂದರೆ ಮಲಯಾ, 'ಪಿ' ಅಂದರೆ ಫಿಲಿಪೀನ್ಸ್. ನಮ್ಮ ಕಡೆ ಕಟ್ಟಾಗಿ ಮಾರುವ ಜಪಾನೀ ನೋಟುಗಳಲ್ಲಿ ಹೆಚ್ಚಿನವು ಬರ್ಮಾದ ರೂಪಾಯಿಗಳು. ಅದರ ಮಧ್ಯೆ ಶಿಲ್ಲಿಂಗ್ ಸಿಕ್ಕರೆ ಬಿಡಬೇಡಿ.

ಫ್ರೆಂಚ್ ಪೆಸಿಫಿಕ್: ತಾಳ್ಮೆ ಇದ್ದವರಿಗೆ

ಫ್ರೆಂಚ್ ಪಾಲಿನೇಷಿಯಾ, ನ್ಯೂ ಕ್ಯಾಲೆಡೋನಿಯಾ, ವಾಲಿಸ್ ಮತ್ತು ಫುಟುನಾ. ಈ ಮೂರೂ ಇವತ್ತಿಗೂ ಫ್ರಾನ್ಸಿಗೆ ಸೇರಿದ ಪ್ರದೇಶಗಳು. ಮೂರಕ್ಕೂ ಒಂದೇ ಹಣ, ಪೆಸಿಫಿಕ್ ಫ್ರಾಂಕ್. ಹುಟ್ಟಿದ್ದು 1945ರ ಡಿಸೆಂಬರ್ 26ರಂದು. ಈಗ ಯೂರೊ ಜೊತೆ ಕಟ್ಟಿಹಾಕಿದ ದರ, 1000 ಫ್ರಾಂಕ್‌ಗೆ 8.38 ಯೂರೊ.

ಈ ದಾರಿಯಲ್ಲಿ ಎರಡು ಹಂತ ಇದೆ. ಸುಲಭದ್ದು 2014ರ ಸರಣಿ. ಆ ವರ್ಷದ ಜನವರಿ 20ಕ್ಕೆ ಹೊಸ ನೋಟು ಬಂದವು. 500, 1000, 5000 ಮತ್ತು 10,000. ನಾಲ್ಕು ನೋಟಿನ ಮುಖಬೆಲೆ ಕೂಡಿಸಿದರೆ 16,500 ಫ್ರಾಂಕ್, ಅಂದರೆ ಸುಮಾರು 138 ಯೂರೊ. ಇದು ಬರೀ ಮುಖಬೆಲೆ. ವ್ಯಾಪಾರಿಯ ಲಾಭ, ಅಂಚೆ ಖರ್ಚು ಇದರ ಮೇಲೆ. ಹಾಗಾಗಿ ನಾಲ್ಕೇ ನೋಟು ಅಂತ ಹಗುರವಾಗಿ ನೋಡುವ ಹಾಗಿಲ್ಲ. 500 ಮತ್ತು 1000 ಎರಡನ್ನು ಕೊಂಡು ಸುಮ್ನೆ ಇದ್ದುಬಿಡುವವರೂ ಇದ್ದಾರೆ. ಅದು ಜಾಣತನವೇ.

ಆದರೆ ಈ ನಾಲ್ಕು ನೋಟಿನ ಹಿಂದೆ ಒಂದು ದೊಡ್ಡ ಕಥೆ ಇದೆ. ಒಂದು ಮುಖದಲ್ಲಿ ನ್ಯೂ ಕ್ಯಾಲೆಡೋನಿಯಾ, ಇನ್ನೊಂದು ಮುಖದಲ್ಲಿ ಪಾಲಿನೇಷಿಯಾ. ನ್ಯೂ ಕ್ಯಾಲೆಡೋನಿಯಾದಲ್ಲಿ ಮೂಲನಿವಾಸಿ ಕನಕ್ ಜನರಿಗೂ ಫ್ರಾನ್ಸಿಗೂ ನಡುವೆ ಹಿಂಸೆ ಆಗಿ, ಆಮೇಲೆ ಮಾತುಕತೆ ಆಗಿ, 1998ರಲ್ಲಿ ನೂಮಿಯಾ ಒಪ್ಪಂದ ಆಯಿತು. ಅದರಲ್ಲಿ ಈ ನಾಡಿನ ಗುರುತುಗಳನ್ನು ಎಲ್ಲರೂ ಸೇರಿ ಹುಡುಕಬೇಕು ಅನ್ನುವ ಮಾತಿದೆ. ಹೆಸರು, ಬಾವುಟ, ಹಾಡು, ಧ್ಯೇಯವಾಕ್ಯ, ಅವುಗಳ ಜೊತೆಗೇ ನೋಟಿನ ಮೇಲಿನ ಚಿತ್ರ. ಶಾಂತಿ ಒಪ್ಪಂದವೊಂದು ನೋಟಿನ ಚಿತ್ರದ ಬಗ್ಗೆ ಮಾತಾಡಿದ್ದು ಓದಿದ ಮೇಲೆ ಆ ಕಾಗದದ ತುಂಡು ನನಗೆ ಬೇರೆಯದೇ ಆಗಿ ಕಂಡಿತು. ಸ್ವಾತಂತ್ರ್ಯ ಬೇಕೇ ಅಂತ 2018, 2020, 2021ರಲ್ಲಿ ಮೂರು ಸಲ ಜನಮತ ಕೇಳಿದರು. ಮೂರು ಸಲವೂ ಬೇಡ ಅಂತ ಫಲಿತಾಂಶ ಬಂತು. ಅಲ್ಲಿನ ವಿವಾದ ಮಾತ್ರ ಮುಗಿದಿಲ್ಲ.

ಎರಡನೇ ಹಂತ ಹಳೆಯ ನೋಟುಗಳದು. ಅವು ದೊಡ್ಡ ಗಾತ್ರದವು, ತುಂಬ ಬಣ್ಣದವು, ಹಳೇ ಫ್ರೆಂಚ್ ಅಚ್ಚಿನ ಸೊಬಗು ಇರುವಂಥವು. ಮೊದಲು ಇವನ್ನು ಹೊರಡಿಸುತ್ತಿದ್ದದ್ದು ಇಂಡೋಚೈನಾ ಬ್ಯಾಂಕ್. 1966ರಲ್ಲಿ ಫ್ರಾನ್ಸ್ ಸಾಗರೋತ್ತರ ಪ್ರದೇಶಗಳಿಗೆಂದು ಬೇರೆ ಸಂಸ್ಥೆ ಮಾಡಿತು, ಅದರ ಚಿಕ್ಕ ಹೆಸರು ಐಇಓಎಂ. ಅದು 1967ರಿಂದ ಈ ಕೆಲಸ ವಹಿಸಿಕೊಂಡಿತು. ಸಂಗ್ರಹಕಾರರಿಗೆ ಇಲ್ಲಿನ ಸ್ವಾರಸ್ಯ ಊರಿನ ಹೆಸರು. ಚಿತ್ರ ಒಂದೇ, ಬೆಲೆ ಒಂದೇ. ಆದರೆ ಒಂದರ ಮೇಲೆ 'ನೂಮಿಯಾ' ಅಂತ ಇರುತ್ತದೆ, ಇನ್ನೊಂದರ ಮೇಲೆ 'ಪಪೀಟೆ' ಅಂತ. ಮೊದಲನೆಯದು ನ್ಯೂ ಕ್ಯಾಲೆಡೋನಿಯಾದ ರಾಜಧಾನಿ, ಎರಡನೆಯದು ಟಹೀಟಿಯದು. 1990ರ ದಶಕದಲ್ಲಿ ಊರಿನ ಹೆಸರು ಬಿಟ್ಟು ಮೂರೂ ಪ್ರದೇಶಕ್ಕೆ ಒಂದೇ ನೋಟು ಮಾಡಿದರು. ಇದರ ಮೇಲೆ ಸಹಿಗಳ ಬದಲಾವಣೆ ಬೇರೆ. ಅಧಿಕಾರಿಗಳು ಬದಲಾದ ಹಾಗೆಲ್ಲ ಸಹಿ ಬದಲಾಗಿದೆ, ಪ್ರತಿ ಸಹಿ ಜೋಡಿಯೂ ಕ್ಯಾಟಲಾಗಿನಲ್ಲಿ ಒಂದು ಬೇರೆ ಸಾಲು. ನಾನು ಕೊನೆಯಿಲ್ಲದ ಸಂಗ್ರಹ ಅಂದದ್ದು ಇದನ್ನೇ.

ಇನ್ನೊಂದು ವಿಷಯ ಗಮನದಲ್ಲಿರಲಿ. ಈ ಹಳೆಯ ನೋಟುಗಳ ಚಲಾವಣೆ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಬದಲಾಯಿಸಿಕೊಳ್ಳಲು ಕೊಟ್ಟ ಹತ್ತು ವರ್ಷದ ಗಡುವೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮೊದಲು ಮುಖಬೆಲೆ ಅನ್ನುವ ತಳ ಒಂದಿತ್ತು. ಎಷ್ಟೇ ಮಾಸಿದ 10,000 ಫ್ರಾಂಕ್ ಆದರೂ ಬ್ಯಾಂಕಿನಲ್ಲಿ ಬೆಲೆ ಬರುತ್ತಿತ್ತು. ಈಗ ಆ ತಳ ಇಲ್ಲ. ಹಾಗಾಗಿ ಇವತ್ತು ಯಾರಾದರೂ ಮಾಸಿದ ಹಳೇ 5000 ಅಥವಾ 10,000ಕ್ಕೆ 'ಮುಖಬೆಲೆಯೇ ಇಷ್ಟಿದೆ' ಅಂತ ದರ ಹೇಳಿದರೆ ಒಪ್ಪಬೇಡಿ.

ಫ್ರೆಂಚ್ ದಾರಿಯಲ್ಲಿ ಒಂದು ಕವಲು ಇದೆ, ಅದು ನ್ಯೂ ಹೆಬ್ರಿಡೀಸ್. 1906ರಿಂದ 1980ರವರೆಗೆ ಈ ದ್ವೀಪಗಳನ್ನು ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳಿದವು. ಎರಡು ಪೊಲೀಸ್ ಪಡೆ, ಎರಡು ಕಾನೂನು, ಎರಡು ಹಣ. ಇಲ್ಲಿಗೆಂದು ಫ್ರಾಂಕ್ ನೋಟಿನ ಮೇಲೆ ಕೆಂಪು ಬಣ್ಣದಲ್ಲಿ ದ್ವೀಪಗಳ ಫ್ರೆಂಚ್ ಹೆಸರು ಒತ್ತುತ್ತಿದ್ದರು. 1980ರಲ್ಲಿ ಇದೇ ವಾನುಅಟು ಆಯಿತು, ಸ್ವಲ್ಪ ದಿನಕ್ಕೆ 'ವಾಟು' ಅನ್ನುವ ಹೊಸ ಹಣ ಬಂತು. ವಾಟು ಅಂದರೆ ಕಲ್ಲು. ಈಗಿನ ನೋಟಿನ ಮೇಲೆ 'ರಿಸರ್ವ್ ಬ್ಯಾಂಕ್ ಬ್ಲಾಂಗ್ ವಾನುಅಟು' ಅಂತ ಬರೆದಿರುತ್ತದೆ. ಇದು ಬಿಸ್ಲಾಮಾ ಭಾಷೆ. ತೋಟದ ಕೂಲಿಗೆಂದು ಬೇರೆಬೇರೆ ದ್ವೀಪಗಳಿಂದ ಹೋದ ಜನ ಇಂಗ್ಲಿಷನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಬೆಳೆಸಿದ ಮಾತು, ಇವತ್ತು ದೇಶದ ನೋಟಿನ ಮೇಲಿದೆ. ಒಂದು ಕೆಂಪು ಮುದ್ರೆಯ ಫ್ರಾಂಕ್, ಪಕ್ಕದಲ್ಲಿ ಒಂದು ವಾಟು. ಈ ಜೋಡಿ ಸಾಕು, ಒಂದು ದೇಶ ಹುಟ್ಟಿದ್ದು ಕಣ್ಣಿಗೆ ಕಾಣುತ್ತದೆ.

ಫಿಜಿ: ನಮಗೆ ಹತ್ತಿರದ್ದು

1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕರಾರು ಕೂಲಿಗಳಾಗಿ ಫಿಜಿಯ ಕಬ್ಬಿನ ಗದ್ದೆಗಳಿಗೆ ಸಾಗಿಸಿದರು. ಆ ಕರಾರಿಗೆ 'ಅಗ್ರಿಮೆಂಟ್' ಅನ್ನುತ್ತಿದ್ದದ್ದು ಜನರ ಬಾಯಲ್ಲಿ 'ಗಿರ್ಮಿಟ್' ಆಯಿತು. ಮೊದಲು ಕಲ್ಕತ್ತದಿಂದ ಹೋದರು, 1903ರಿಂದ ಮದ್ರಾಸಿನಿಂದಲೂ ಹೋದರು. ದಕ್ಷಿಣದ ಹಳ್ಳಿಗಳ ಜನ ಹಡಗು ಹತ್ತಿದ್ದು ಅಲ್ಲಿಂದ. ಈ ನೆನಪು ಇಟ್ಟುಕೊಂಡು ಫಿಜಿಯ ನೋಟು ಕೈಗೆತ್ತಿಕೊಂಡರೆ ಅದು ಬರೀ ಬೇರೆ ದೇಶದ ನೋಟು ಆಗಿ ಉಳಿಯುವುದಿಲ್ಲ.

ಆಯ್ಕೆಗಳು ಇಲ್ಲಿ ಬೇಕಾದಷ್ಟಿವೆ. 1969ರವರೆಗೆ ಪೌಂಡ್, ಅಲ್ಲಿಂದ ಡಾಲರ್. ರಾಜರ ಚಿತ್ರದ ಹಳೇ ಪೌಂಡ್ ನೋಟುಗಳು ದುಬಾರಿ, ಹೊಸಬರು ಆ ಕಡೆ ಹೋಗುವುದು ಬೇಡ. ಆದರೆ ಅದೇ ಕಾಲದ ಒಂದು ಪುಟ್ಟ ನೋಟು ಮಾತ್ರ ಹುಡುಕಲೇಬೇಕು. 1942ರ 1 ಪೆನ್ನಿ ನೋಟು. ಯುದ್ಧದಲ್ಲಿ ಚಿಲ್ಲರೆಗೆ ಬರ ಬಂದಾಗ ಒಂದು ಪೆನ್ನಿಗೂ ಕಾಗದ ಅಚ್ಚು ಹಾಕಿದರು. ಮೇಲೆ ಹೇಳಿದ ಯುದ್ಧದ ಎಂಟರ ಜೊತೆ ಇದನ್ನು ಒಂಬತ್ತನೆಯದಾಗಿ ಇಡಬಹುದು.

ಅಗ್ಗವಾಗಿ, ಅಚ್ಚುಕಟ್ಟಾಗಿ ಮುಗಿಸಬೇಕು ಅಂದರೆ 2013ರ ಸರಣಿ. ಫಿಜಿ 1987ರಲ್ಲೇ ಗಣರಾಜ್ಯವಾದರೂ ಕಾಲು ಶತಮಾನದ ಕಾಲ ನೋಟಿನ ಮೇಲೆ ಇಂಗ್ಲೆಂಡಿನ ರಾಣಿಯೇ ಇದ್ದರು. 2013ರಲ್ಲಿ ರಾಣಿಯ ಜಾಗಕ್ಕೆ ನಾಡಿನ ಜೀವಿಗಳು ಬಂದವು. 5 ಡಾಲರ್‌ನಲ್ಲಿ ಕುಲವಾಯ್ ಅನ್ನುವ ಗಿಣಿ, ಇದೊಂದೇ ಪಾಲಿಮರ್ ನೋಟು. 10ರಲ್ಲಿ ಬೆಲಿ ಮೀನು. 20ರಲ್ಲಿ ಗಾವು ದ್ವೀಪದ ಕಡಲಹಕ್ಕಿ. 50ರಲ್ಲಿ ಟಾಂಗಿಮೌದಿಯಾ ಹೂವು, ಟವೆಉನಿ ದ್ವೀಪದ ಬೆಟ್ಟದ್ದು. 100ರಲ್ಲಿ ನನಾಯ್ ಅನ್ನುವ ಜೀರುಂಡೆ. ಇದು ಎಂಟು ವರ್ಷಕ್ಕೊಮ್ಮೆ ಮಾತ್ರ ಮಣ್ಣಿನಿಂದ ಎದ್ದು ಬರುತ್ತದೆ. ದೇಶದ ಅತಿ ದೊಡ್ಡ ಬೆಲೆಯ ನೋಟಿನ ಮೇಲೆ ಒಂದು ಹುಳು! ನನಗೆ ಈ ತೀರ್ಮಾನದ ಮೇಲೆ ತುಂಬ ಗೌರವ ಇದೆ.

ಇದಕ್ಕೆ 7 ಡಾಲರ್ ನೋಟು ಸೇರಿಸಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಗ್ಬಿ ಸೆವೆನ್ಸ್ ಫೈನಲ್‌ನಲ್ಲಿ ಫಿಜಿ ಬ್ರಿಟನ್ನನ್ನು 43–7ರಿಂದ ಸೋಲಿಸಿತು. ಆ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಪದಕವೇ ಚಿನ್ನ. ಏಳು ಜನರ ಆಟ, ಏಳು ಡಾಲರ್ ನೋಟು. 2017ರಲ್ಲಿ 20 ಲಕ್ಷ ನೋಟು ಹೊರಡಿಸಿದರು, ಹಾಗಾಗಿ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ. 2022ರ 88 ಸೆಂಟ್ ನೋಟೂ ಇದೆ, ಚೀನಾದ ಸಂಪತ್ತಿನ ದೇವರ ಚಿತ್ರದ್ದು. ಅದನ್ನು ಸಂಗ್ರಹಕಾರರಿಗೆಂದೇ ಮಾಡಿದ್ದು. ನಾನು ಕೊಂಡಿಲ್ಲ. ಜನ ನಿಜವಾಗಿ ಕೈಯಿಂದ ಕೈಗೆ ಕೊಟ್ಟ ನೋಟಿನ ಮೇಲೆ ನನಗೆ ಪ್ರೀತಿ ಜಾಸ್ತಿ.

ಉಳಿದವು, ಬೇಗನೆ

ಸಮೋವಾದ 1990ರ 2 ತಾಲಾ ನೋಟು ಪಾಲಿಮರ್ ನೋಟಿನ ಚರಿತ್ರೆಯಲ್ಲಿ ಬಹಳ ಮೊದಲಿನದು, ಆಸ್ಟ್ರೇಲಿಯಾದ ಮೊದಲ ಪಾಲಿಮರ್ ಬಂದು ಆಗ ಎರಡೇ ವರ್ಷ. ಬೆಲೆಯೂ ಕಡಿಮೆ. ಅದೇ ದೇಶದ 20 ತಾಲಾ ನೋಟಿಗೆ ಅಂತರರಾಷ್ಟ್ರೀಯ ನೋಟು ಸಂಗ್ರಹಕಾರರ ಸಂಘದಿಂದ 2008ರ ಉತ್ತಮ ನೋಟು ಅನ್ನುವ ಗೌರವ ಬಂದಿದೆ. ಸಮೋವಾದ್ದು ಎರಡೇ ನೋಟು ಸಾಕು ಅನ್ನುವವರಿಗೆ ಇವೆರಡು.

ಟೊಂಗಾದ ಹಣದ ಹೆಸರು ಪಾಂಗಾ. ಅದು ಒಂದು ದೊಡ್ಡ ಕಾಡುಬಳ್ಳಿಯ ಬೀಜದ ಹೆಸರು. ಆ ಬೀಜದ ಬಿಲ್ಲೆಯನ್ನು ಅಲ್ಲಿ ಆಟಕ್ಕೆ ಬಳಸುತ್ತಿದ್ದರು. ಅದೇ ಕುಲದ ಬಳ್ಳಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಮಾರುದ್ದದ ಕಾಯಿ ಬಿಡುತ್ತದೆ. ಪೆಸಿಫಿಕ್‌ನಲ್ಲಿ ಇವತ್ತಿಗೂ ರಾಜ ಇರುವ ದೇಶ ಇದು. ಹಾಗಾಗಿ ರಾಜರ ಮುಖ ಬದಲಾದದ್ದನ್ನೇ ಹಿಡಿದು ಸಂಗ್ರಹ ಕಟ್ಟಬಹುದು. 1967ರ ನೋಟಿನಲ್ಲಿ ರಾಣಿ ಸಾಲೋಟೆ, ಆಮೇಲೆ ಅವರ ಮಗ, ಆಮೇಲೆ ಇಬ್ಬರು ಮೊಮ್ಮಕ್ಕಳು. ನಾಲ್ಕು ನೋಟಿಗೆ ಒಂದು ವಂಶವೃಕ್ಷ.

ಸಾಲೊಮನ್ ದ್ವೀಪಗಳದ್ದು 2018ರ 40 ಡಾಲರ್ ಮಜವಾಗಿದೆ. ಸ್ವಾತಂತ್ರ್ಯದ 40 ವರ್ಷಕ್ಕೆ 40ರ ನೋಟು. ಅದು ಬಿಟ್ಟರೆ ಅಲ್ಲಿನ ನೋಟುಗಳು ನನ್ನನ್ನು ಅಷ್ಟು ಸೆಳೆದಿಲ್ಲ. ಅಲ್ಲಿನ ಮಲೈಟಾ ದ್ವೀಪದ ಚಿಪ್ಪಿನ ಹಣದ ಮುಂದೆ ಕಾಗದ ಸಪ್ಪೆ ಅನ್ನಿಸುತ್ತದೆ.

ಯಾರಿಗೆ ಯಾವುದು

ಮಕ್ಕಳ ಜೊತೆ ಕೂತು ಮಾಡುವ ಹವ್ಯಾಸವಾದರೆ ಫಿಜಿಯ 5 ಮತ್ತು 7 ಡಾಲರ್, ಕುಕ್ ದ್ವೀಪಗಳ 3 ಡಾಲರ್. ಮೂರೂ ಅಗ್ಗ, ಮೂರಕ್ಕೂ ಕಥೆ ಇದೆ. ಒಂದನ್ನು ಪೂರ್ತಿ ಮುಗಿಸಿದ ತೃಪ್ತಿ ಬೇಕು ಅನ್ನುವವರಿಗೆ ಕುಕ್ ದ್ವೀಪಗಳ ಒಂಬತ್ತು. ಇತಿಹಾಸದ ಹುಚ್ಚು ಇದ್ದವರು ಬೇರೆ ಏನನ್ನೂ ನೋಡದೆ ಯುದ್ಧದ ಎಂಟಕ್ಕೆ ಹೋಗಿ. ಭೂತಗನ್ನಡಿ ಹಿಡಿದು ಸಹಿ ಓದುವುದರಲ್ಲಿ ಖುಷಿ ಇದ್ದರೆ ಮಾತ್ರ ಹಳೇ ಫ್ರೆಂಚ್ ನೋಟು. ಅದಕ್ಕೆ ಕ್ಯಾಟಲಾಗ್ ಬೇಕೇ ಬೇಕು. ವ್ಯಾಪಾರಿಗಳು ಹೇಳುವ 'ಪಿಕ್ ನಂಬರ್' ಅಂದರೆ ಆಲ್ಬರ್ಟ್ ಪಿಕ್ ಅವರು ಶುರು ಮಾಡಿದ ಕ್ಯಾಟಲಾಗಿನ ಸಂಖ್ಯೆ. ನೋಟು ಕೊಳ್ಳುವಾಗ ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಎಲ್ಲಿ ಕೊಳ್ಳೋದು? ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ ವಿದೇಶಿ ನೋಟಿನ ಮಳಿಗೆ ಇದ್ದೇ ಇರುತ್ತದೆ, ಕೈಯಲ್ಲಿ ಹಿಡಿದು ನೋಡಬಹುದು. ಇದಕ್ಕಿಂತ ಒಳ್ಳೇ ದಾರಿ ಆಕ್ಲೆಂಡ್ ಅಥವಾ ಸಿಡ್ನಿಯಲ್ಲಿರುವ ನೆಂಟರು. ಆ ಊರುಗಳಲ್ಲಿ ಹಣ ಬದಲಾಯಿಸುವ ಅಂಗಡಿಯಲ್ಲೇ ಫಿಜಿ, ಸಮೋವಾ, ಟೊಂಗಾ, ವಾನುಅಟು, ಪೆಸಿಫಿಕ್ ಫ್ರಾಂಕ್ ಸಿಗುತ್ತವೆ, ಹೆಚ್ಚುಕಡಿಮೆ ಮುಖಬೆಲೆಗೇ. ಸಂಗ್ರಹಕಾರರ ಬೆಲೆ ಕೊಡಬೇಕಾಗಿಲ್ಲ. 'ಹೊಸ ನೋಟು ಇದ್ದರೆ ಕೊಡಿ' ಅಂತ ಕೇಳಿಸಿ. ಅತ್ತೆ ಮಗಳ ಕೈಯಲ್ಲಿ ನಾನು ಹೀಗೆ ತರಿಸಿದ ಫಿಜಿಯ ಸೆಟ್ ಅಂಗಡಿಯ ಸೆಟ್ಟಿಗಿಂತ ಚೆನ್ನಾಗಿತ್ತು.

ಚಲಾವಣೆಯಲ್ಲಿರುವ ವಿದೇಶಿ ನೋಟು ಇಟ್ಟುಕೊಳ್ಳಲು ನಮ್ಮ ದೇಶದಲ್ಲಿ ಮಿತಿ ಇದೆ, ಒಟ್ಟು 2000 ಅಮೆರಿಕನ್ ಡಾಲರ್ ಮೌಲ್ಯ. ಮೇಲೆ ಹೇಳಿದ ಸೆಟ್‌ಗಳು ಅದರೊಳಗೆ ಆರಾಮಾಗಿ ನಿಲ್ಲುತ್ತವೆ. ಆದರೂ ಬಿಲ್ ತಗೊಂಡು ಒಂದು ಕಡೆ ಇಡಿ.

ಗ್ರೇಡ್, ಅಂದರೆ ನೋಟಿನ ಸ್ಥಿತಿಯ ವಿಷಯದಲ್ಲಿ ನನ್ನ ನಿಯಮ ಹೀಗಿದೆ. 1990ರ ಈಚಿನ ನೋಟಾದರೆ ಯುಎನ್‌ಸಿ ಬಿಟ್ಟು ಬೇರೆ ತಗೊಳ್ಳಬೇಡಿ, ಅಂದರೆ ಒಂದೂ ಮಡಿಕೆ ಇಲ್ಲದ್ದು. ಪಾಲಿಮರ್‌ಗಂತೂ ಇದು ಕಡ್ಡಾಯ, ಒಮ್ಮೆ ಮಡಿಕೆ ಬಿದ್ದರೆ ಹೋಗುವುದಿಲ್ಲ. ಹಳೆಯದಕ್ಕೆ ರಿಯಾಯಿತಿ ಕೊಡಿ. ತೂತು, ಹರಿದ ಅಂಚು, ಟೇಪ್ ಅಂಟಿಸಿದ್ದು ಮಾತ್ರ ಬೇಡ. ತೊಳೆದು ಇಸ್ತ್ರಿ ಹಾಕಿದ ನೋಟು ನೋಡಲು ಹೊಸದರಂತೆ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಚ್ಚಿನ ಉಬ್ಬು ಚಪ್ಪಟೆಯಾಗಿರುವುದು ಕಾಣುತ್ತದೆ.

ಇಡುವುದರಲ್ಲಿ ನಾನು ಕಳೆದುಕೊಂಡದ್ದು ಒಂದು ನೂಮಿಯಾ ನೋಟು. ಮಳೆಗಾಲ, ಕರಾವಳಿಯ ಮನೆ, ಅಗ್ಗದ ಪಿವಿಸಿ ಆಲ್ಬಂ. ಮೂರು ತಿಂಗಳಲ್ಲಿ ಪ್ಲಾಸ್ಟಿಕ್ ಅಂಟಂಟಾಗಿ ನೋಟಿನ ಬಣ್ಣ ಹಾಳೆಗೆ ಹತ್ತಿತು. ಅದರಿಂದಾಗಿ ಹೇಳುತ್ತೇನೆ: ಪಿವಿಸಿ ಇಲ್ಲದ ಹಾಳೆಯನ್ನೇ ಕೇಳಿ ತಗೊಳ್ಳಿ, ಸಾಮಾನ್ಯವಾಗಿ ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಅಂತ ಬರೆದಿರುತ್ತದೆ. ಹಳೇ ಫ್ರೆಂಚ್ ನೋಟಿಗೆ ದೊಡ್ಡ ಜೇಬಿನ ಹಾಳೆ ಬೇಕು, ಚಿಕ್ಕದರಲ್ಲಿ ತುರುಕಿದರೆ ಮೂಲೆ ಮುರಿಯುತ್ತದೆ. ಆಲ್ಬಂ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಬದಲಾಯಿಸಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವ ರೂಢಿ. ನೋಟನ್ನು ಒಮ್ಮೆ ಹಾಗೆ ಮುಚ್ಚಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ.

ಆ ನೂಮಿಯಾ ನೋಟಿನ ಜಾಗ ನನ್ನ ಆಲ್ಬಂನಲ್ಲಿ ಇನ್ನೂ ಖಾಲಿ ಇದೆ. ಅದೇ ಸಹಿಯ ಜೋಡಿ ಇರುವ ಇನ್ನೊಂದನ್ನು ಹುಡುಕುತ್ತಿದ್ದೇನೆ.